ಮಠಾಧಿಪತಿಯಾದ ಕೊಲಂಬಾನನ ಚರಿತ್ರೆ

ಬಾಸೆಲ್ ಪಟ್ಟಣದ ಹೆಸರನ್ನು ಕೇಳದವರು ನಮ್ಮ ತುಳುನಾಡಿನ ಸಭೆಗಳಲ್ಲಿ ವಿರಳ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೊದಲಿನ ಮೂವರು ಬೋಧಕರನ್ನು ಕಳುಹಿಸಿದ ಮಿಶನ್ ಆ ಪಟ್ಟಣದ್ದೇ. ಅದಕ್ಕೂ ಸುಮಾರು ಸಾವಿರದ ಇನ್ನೂರು ವರುಷಗಳ ಮುಂಚೆ ಬಾಸೆಲಿನ ಸಭಾಧ್ಯಕ್ಷನಾಗಿದ್ದ ರಗ್ನಖಾರನೆಂಬವನು, ಪರದೇಶಿಯೊಬ್ಬನು ಕಟ್ಟಿದ ಮಠದಲ್ಲಿ ಕಲಿತವನು. ಆ ಪರದೇಶಿಯೇ ಕೊಲಂಬಾನನು.

ಆತನು ಕ್ರಿ.ಶ. 543ರ ಸುಮಾರಿಗೆ ಐರ್ಲೆಂಡ್ ದ್ವೀಪದ ಲೈನ್‌ಸ್ಟರ್ ಸೀಮೆಯಲ್ಲಿ ಹುಟ್ಟಿದನು. ಯೌವನದಲ್ಲಿ ಲೋಕದ ಆಶೆಗಳಿಗೆ ಅಂಜಿ ಮನೆಯನ್ನು ಬಿಡಲು ನಿಶ್ಚಯಿಸಿದಾಗ, ತಾಯಿಯು ಅಳುತ್ತಾ ಹೊಸ್ತಿಲಿಗೆ ಅಡ್ಡಲಾಗಿ ಬಿದ್ದುಕೊಂಡಳು. ಮಗನು ಆಕೆಯನ್ನು ದಾಟಿಕೊಂಡು ಹೋದನೆಂದು ಆತನ ಚರಿತ್ರೆಯನ್ನು ಬರೆದ ಯೋನನು ತಿಳಿಸುತ್ತಾನೆ. ಹೆತ್ತವಳನ್ನು ಹೀಗೆ ದಾಟಿದ್ದು ಸರಿಯೋ ಎಂದು ನಮ್ಮ ತಾಯಂದಿರು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಆತನ ಸ್ವಭಾವವಂತೂ ಆ ಹೊಸ್ತಿಲಲ್ಲಿಯೇ ತೋರಿಬಂತು.

ಬ್ಯಾಂಗರ್ ಎಂಬ ಮಠದಲ್ಲಿ ಹಿರಿಯನಾದ ಕೊಂಗಲ್ಲನ ಕೈಕೆಳಗೆ ಅನೇಕ ವರುಷ ಇದ್ದು, 590ರ ಸುಮಾರಿಗೆ ಹನ್ನೆರಡು ಮಂದಿ ಸಂಗಡಿಗರೊಡನೆ ಸಮುದ್ರವನ್ನು ದಾಟಿ, ಈಗಿನ ಫ್ರಾನ್ಸ್ ದೇಶವನ್ನು ಸೇರಿದನು. ಅಲ್ಲಿಯ ಕಾಡಿನಲ್ಲಿ, ಪಾಳುಬಿದ್ದ ರೋಮನರ ಕೋಟೆಯೊಂದರಲ್ಲಿ ವಾಸಮಾಡಿ, ಆಹಾರವಿಲ್ಲದ ದಿನಗಳಲ್ಲಿ ಮರದ ತೊಗಟೆಯನ್ನೂ ಕಾಡುಸೊಪ್ಪನ್ನೂ ತಿಂದು ಜೀವ ಹಿಡಿದುಕೊಂಡರು. ಜನರು ಕೂಡಿಬರಲು ಲುಕ್ಸೊಯ್ ಎಂಬಲ್ಲಿ ದೊಡ್ಡ ಮಠವೂ, ಬಳಿಕ ಫೋಂಟೇನಿನಲ್ಲಿ ಮೂರನೆಯದೂ ಎದ್ದವು.

ಆತನ ಮಠದಲ್ಲಿ ಉಪವಾಸ, ಪ್ರಾರ್ಥನೆ, ಓದು, ಹೊಲಗೆಲಸ ಇವುಗಳಿಗೆ ಒಂದು ದಿನವೂ ಬಿಡುವಿರಲಿಲ್ಲ. ಕೀರ್ತನೆಯ ಆರಂಭದಲ್ಲಿ ಕೆಮ್ಮಿ ರಾಗವನ್ನು ಕೆಡಿಸಿದವನಿಗೆ ಆರು ಪೆಟ್ಟುಗಳು! ಒಮ್ಮೆ ಲುಕ್ಸೊಯ್‌ನಲ್ಲಿ ಅನೇಕರು ರೋಗದಿಂದ ಮಲಗಿರಲು, ಎದ್ದು ಕಣದಲ್ಲಿ ತೆನೆಯನ್ನು ಬಡಿಯಿರೆಂದು ಅಪ್ಪಣೆಮಾಡಿದನು. ಎದ್ದವರು ಗುಣಹೊಂದಿದರಂತೆ, ಏಳದವರು ಬಹುಕಾಲ ನರಳಿದರಂತೆ. ಈ ಸಂಗತಿಯನ್ನು ಓದುಗರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಚಿಕ್ಕವರಿಗೆ ಕಠಿಣನಾಗಿ ದೊಡ್ಡವರಿಗೆ ಬಾಗುವವರು ಎಲ್ಲಾ ಕಾಲದಲ್ಲಿಯೂ ಉಂಟು. ಕೊಲಂಬಾನನು ಅಂಥವನಲ್ಲ. ಅರಸನಾದ ಥಿಯೊಡೆರಿಕನು ವಿವಾಹವಿಲ್ಲದೆ ಉಪಸ್ತ್ರೀಯರಲ್ಲಿ ಮಕ್ಕಳನ್ನು ಪಡೆದಿದ್ದನು. ಅರಸನ ಅಜ್ಜಿಯಾದ ಬ್ರುನ್‌ಹಿಲ್ಡಳು ಆ ಮಕ್ಕಳನ್ನು ಮುಂದೆ ನಿಲ್ಲಿಸಿ ಆಶೀರ್ವದಿಸಬೇಕೆಂದು ಕೇಳಲು, ಆತನು ಒಪ್ಪಲಿಲ್ಲ. ಈ ಕೋಪದಿಂದ 610ರಲ್ಲಿ ಆತನನ್ನು ಇಪ್ಪತ್ತು ವರುಷಗಳ ಕೆಲಸದಿಂದ ಹೊರಡಿಸಿ, ನಾಂತ್ ಎಂಬ ರೇವಿನಿಂದ ಸ್ವದೇಶಕ್ಕೆ ಸಾಗಿಸಲು ಯತ್ನಿಸಿದರು. ಆದರೆ ಹಡಗನ್ನು ತೆರೆಗಳು ತಿರುಗಿ ದಡಕ್ಕೆ ತಳ್ಳಿದವು.

ಬಳಿಕ ಆತನು ರೈನ್ ನದಿಯ ದಾರಿಯಾಗಿ ಬ್ರೆಗೆಂಜ್ ಎಂಬ ಸರೋವರತೀರದ ಊರಿಗೆ ಹೋದನು. ಅಲ್ಲಿ ವಿಗ್ರಹಾರಾಧಕರಿಗೆ ಅವರ ಭಾಷೆಯಲ್ಲಿಯೇ ಸಾರಿದವನು ಶಿಷ್ಯನಾದ ಗಲ್ಲನು. ಗುರುವಿಗಿಂತ ಆತನಿಗೆ ಆ ನುಡಿ ಚೆನ್ನಾಗಿ ಬರುತ್ತಿತ್ತು. 612ರಲ್ಲಿ ಆಶ್ರಯ ಕೊಟ್ಟಿದ್ದ ಅರಸನು ಯುದ್ಧದಲ್ಲಿ ಸೋಲಲು, ಆಲ್ಪ್ಸ್ ಪರ್ವತವನ್ನು ದಾಟಿ ಇಟಲಿಗೆ ಹೋಗಬೇಕಾಯಿತು. ಹೊರಡುವ ವೇಳೆಗೆ ಗಲ್ಲನು ಜ್ವರದಿಂದ ಬಿದ್ದನು. ಪ್ರಯಾಣದ ಕಷ್ಟಕ್ಕೆ ಹೆದರಿ ನೆವ ಹೇಳುತ್ತಾನೆಂದು ಮಠಾಧಿಪತಿಯು ಭಾವಿಸಿದನು. ಬಲವಂತಮಾಡಲಿಲ್ಲ, ಆದರೆ ತಾನು ಬದುಕಿರುವ ತನಕ ಗಲ್ಲನು ಕರ್ತನ ರಾತ್ರಿಭೋಜನವನ್ನು ನಡಿಸಬಾರದೆಂದು ನಿಷೇಧಿಸಿ ಹೊರಟುಹೋದನು. ಕಣದಲ್ಲಿ ಜಯಿಸಿದ ಅಪ್ಪಣೆಯು ಇಲ್ಲಿ ನಿಜವಾಗಿ ರೋಗಿಯಾದ ನಂಬಿಗಸ್ತನನ್ನು ಗಾಯಪಡಿಸಿತು.

ಗಲ್ಲನು ಸ್ವಸ್ಥನಾಗಿ, ಸ್ಟೈನಖ್ ಹೊಳೆಯ ಬಳಿ ಕಾಡಿನಲ್ಲಿ ಗುಡಿಸಲು ಕಟ್ಟಿಕೊಂಡು ಬೋಧಿಸುತ್ತಿದ್ದನು. ಗುರುವು ಬಹುದೂರದಲ್ಲಿದ್ದರೂ ಆ ನಿಷೇಧವನ್ನು ಮೀರಲಿಲ್ಲ. ಕೊಲಂಬಾನನು ಬೊಬ್ಬಿಯೊದಲ್ಲಿ ತನ್ನ ಕಡೆಯ ಮಠವನ್ನು ಕಟ್ಟಿದನು. ಎಪ್ಪತ್ತರ ಪ್ರಾಯದಲ್ಲಿಯೂ ಕಾಡಿನಿಂದ ತೊಲೆಗಳನ್ನು ತರುವಾಗ ಹೆಗಲು ಕೊಟ್ಟನಂತೆ. 615ನೆಯ ನವೆಂಬರ್ 23ರಲ್ಲಿ ಅಲ್ಲಿಯೇ ತೀರಿಕೊಂಡನು.

ಗಲ್ಲನ ಚರಿತ್ರೆಯಲ್ಲಿ ಹೇಳಿರುವಂತೆ, ಗುರುವಿನ ಮರಣವು ಆತನಿಗೆ ದರ್ಶನದಿಂದ ತಿಳಿಯಿತು. ನಿಶ್ಚಯ ತಿಳಿಯುವದಕ್ಕಾಗಿ ಸಭಾಸೇವಕನಾದ ಮಗ್ನೋವಾಲ್ಡನನ್ನು ಪರ್ವತದಾಚೆಗೆ ಕಳುಹಿಸಿದನು. ಅವನು ತಿರಿಗಿ ಬಂದಾಗ ಕೈಯಲ್ಲಿ ಒಂದು ಪತ್ರವೂ ಕೊಲಂಬಾನನ ಊರುಗೋಲೂ ಇದ್ದವು. ಗಲ್ಲನು ಬಿಡುಗಡೆಹೊಂದಿದ್ದಾನೆಂಬುದಕ್ಕೆ ಗುರುತಾಗಿ ಅದನ್ನು ಅವನಿಗೆ ತಲಪಿಸಬೇಕೆಂದು ಮಠಾಧಿಪತಿಯು ಸಾಯುವ ಮುಂಚೆ ಅಪ್ಪಣೆಕೊಟ್ಟಿದ್ದನು.