ಹೊಲಿಗೆಯ ಯಂತ್ರದ ಎಲಿಯಾಸ್ ಹೌ

ನಿತ್ಯವೂ ಬಳಸುವ ವಸ್ತುವಿನ ನಿರ್ಮಾಪಕನನ್ನು ಜನ ಬಹು ಬೇಗ ಮರೆಯುತ್ತಾರೆ. ಹೊಲಿಗೆಯ ಯಂತ್ರವೆಂದೊಡನೆ ನಮ್ಮ ನಾಲಗೆಗೆ ಬರುವ ಹೆಸರು ಸಿಂಗರನದು. ಹಳೆಯ ಯಂತ್ರಗಳ ಕಪ್ಪು ಮೈಯ ಮೇಲೆ ಹೊನ್ನಕ್ಷರಗಳಲ್ಲಿ ಬರೆದಿರುವುದೂ ಆ ಹೆಸರೇ. ಆದರೆ ಒಳಗೆ ನಡೆಯುವ ಮುಖ್ಯ ಕ್ರಿಯೆಯ ಹಕ್ಕು ಒಂದು ಕಾಲದಲ್ಲಿ ಬೇರೊಬ್ಬನದಾಗಿತ್ತು. ಆತನೇ ಎಲಿಯಾಸ್ ಹೌ.

ಕೆಲವು ವರ್ಷಗಳ ಹಿಂದೆ, ಕೈಯಿಂದ ತಿರುಗಿಸುವ ಹಳೆಯ ಸಿಂಗರ್ ಯಂತ್ರವೊಂದನ್ನು ನಾನು ದುರಸ್ತಿ ಮಾಡಲು ಕುಳಿತಾಗ ಈತನ ಚರಿತ್ರೆಯಲ್ಲಿ ನನಗೆ ಆಸಕ್ತಿ ಹುಟ್ಟಿತು. ಯಂತ್ರದ ಪೀಠದಲ್ಲಿ ಕೆತ್ತಿದ ಕ್ರಮಾಂಕಕ್ಕೆ ಮೊದಲು ಒಂದು ಅಕ್ಷರವಿದ್ದುದರಿಂದ ಅದು ಹತ್ತೊಂಬತ್ತನೆಯ ಶತಮಾನ ಮುಗಿದ ಮೇಲೆ ತಯಾರಾದುದೆಂದು ತಿಳಿಯಿತು. ಹುಟ್ಟಿದ ಊರು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್. ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿ ಚಕ್ರ ಅಲುಗದಂತಾಗಿತ್ತು. ಚಿನ್ನದ ಬಣ್ಣದ ಚಿತ್ರಗಳಿಗೆ ತಾಗದಂತೆ ಸಂದುಗಳಿಗೆ ಸೀಮೆಎಣ್ಣೆಯ ಹನಿ ಬಿಟ್ಟು, ಎರಡು ದಿನ ಕಾದು, ಸೇರಿಕೊಂಡಿದ್ದ ನೂಲಿನ ಹೊಟ್ಟನ್ನು ತೆಗೆದು, ಹೊಸ ಎಣ್ಣೆ ಹಾಕಿದ ಮೇಲೆ ಚಕ್ರ ತಿರುಗಿತು. ಪೀಠದ ಜಾರುಫಲಕವನ್ನು ಸರಿಸಿ ನೋಡಿದರೆ, ನೇಕಾರನ ಲಾಳಿಯನ್ನೇ ಕಿರಿದುಗೊಳಿಸಿದಂತಹ ದೋಣಿಯಾಕಾರದ ಲಾಳಿಯೊಂದು! ಮೊನೆಯ ಬಳಿ ಕಣ್ಣುಳ್ಳ ಸೂಜಿ ಕೆಳಗಿಳಿಯುತ್ತದೆ. ಮತ್ತೆ ತುಸು ಮೇಲೇಳುವಾಗ ದಾರ ಸಡಿಲಗೊಂಡು ಕುಣಿಕೆಯಾಗುತ್ತದೆ. ಆ ಕುಣಿಕೆಯೊಳಗಿಂದ ಲಾಳಿ ಎರಡನೆಯ ದಾರವನ್ನು ಒಯ್ಯುತ್ತದೆ. ಇದೇ ಎಲಿಯಾಸನ ಯಂತ್ರದ ತಿರುಳು.

ಈತ 1819ರ ಜುಲೈ 9ರಂದು ಅಮೆರಿಕದ ಮಸ್ಯಾಚುಸೆಟ್ಸ್ ಸಂಸ್ಥಾನದ ಸ್ಪೆನ್ಸರಿನಲ್ಲಿ ಹುಟ್ಟಿದನು. ಹದಿಹರೆಯದಲ್ಲೇ ಲೋವೆಲ್ಲಿನ ಬಟ್ಟೆ ಗಿರಣಿಗಳ ಕೆಲಸಕ್ಕೆ ಸೇರಿದನು. 1837ರ ಆರ್ಥಿಕ ಮುಗ್ಗಟ್ಟಿನಲ್ಲಿ ಅದು ತಪ್ಪಿತು. ಬಳಿಕ ಆರಿ ಡೇವಿಸ್ ಎಂಬ ಸೂಕ್ಷ್ಮೋಪಕರಣ ತಯಾರಕನ ಬಳಿ ಕೆಲಸ ಕಲಿತನು. 1841ರಲ್ಲಿ ಎಲಿಜಬೆತ್ ಏಮ್ಸಳನ್ನು ಮದುವೆಯಾಗಿ ಮೂವರು ಮಕ್ಕಳ ತಂದೆಯಾದನು. ಅವನ ಗಳಿಕೆ ಸಾಲದೆ ಆಕೆ ಮನೆಯಲ್ಲಿ ಹೊಲಿಗೆ ಮಾಡಿ ಸಂಸಾರ ನಡೆಸುತ್ತಿದ್ದಳೆಂದೂ, ಅವಳ ಕೈಯ ಚಲನೆಯನ್ನು ನೋಡುತ್ತ ಅವನ ಯೋಚನೆ ಬೆಳೆಯಿತೆಂದೂ ಹೇಳುತ್ತಾರೆ.

ಜಾರ್ಜ್ ಫಿಷರ್ ಎಂಬ ಗೆಳೆಯನ ನೆರವಿನಿಂದ 1845ರಲ್ಲಿ ಯಂತ್ರ ಸಿದ್ಧವಾಯಿತು. ಬಾಸ್ಟನ್ನಿನ ಕ್ವಿನ್ಸಿ ಹಾಲಿನಲ್ಲಿ ಐವರು ಹೊಲಿಗೆಯ ಹೆಣ್ಣುಮಕ್ಕಳೊಡನೆ ಸ್ಪರ್ಧೆಗಿಳಿದು ಅದು ಗೆದ್ದಿತು. 1846ರ ಸೆಪ್ಟೆಂಬರ್ 10ರಂದು ಪೇಟೆಂಟು ದೊರೆಯಿತು. ಆದರೆ ಕೊಳ್ಳುವವರು ಬರಲಿಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬನಾದ ಅಮಾಸ ಲಂಡನ್ನಿಗೆ ಹೋಗಿ, ವಿಲಿಯಂ ಥಾಮಸ್ ಎಂಬ ವರ್ತಕನಿಗೆ 250 ಪೌಂಡಿಗೆ ಅಲ್ಲಿಯ ಹಕ್ಕನ್ನು ಮಾರಿದನು. ಎಲಿಯಾಸನೂ ಸಂಸಾರಸಮೇತ ಅಲ್ಲಿಗೆ ಹೋಗಿ ದುಡಿದನು. ಥಾಮಸನೊಡನೆ ಮನಸ್ತಾಪವಾಗಿ, ಹೆಂಡತಿಮಕ್ಕಳನ್ನು ಮುಂದಾಗಿ ಕಳುಹಿಸಿ, ಯಂತ್ರದ ಮಾದರಿಯನ್ನೂ ಪೇಟೆಂಟಿನ ಪತ್ರವನ್ನೂ ಒತ್ತೆಯಿಟ್ಟು, 1849ರಲ್ಲಿ ಬರಿಗೈಯಲ್ಲಿ ಮರಳಿದನು. ಎಲಿಜಬೆತ್ ಕ್ಷಯದಿಂದ ಸಾವಿನ ಹಾಸಿಗೆಯಲ್ಲಿದ್ದಳು. ಅವಳ ಅಂತ್ಯಕ್ರಿಯೆಗೆ ಎಲಿಯಾಸನು ಎರವಲು ಉಡುಪು ಧರಿಸಬೇಕಾಯಿತೆಂದು ಹೇಳುವುದುಂಟು.

ಅಷ್ಟರಲ್ಲಿ ಅವನ ತತ್ತ್ವವನ್ನೇ ಬಳಸಿದ ಯಂತ್ರಗಳು ಪೇಟೆಯಲ್ಲಿದ್ದವು. ಐಸಾಕ್ ಸಿಂಗರನು 1851ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟು ಪಡೆದನು. ಸಿಂಗರನ ಪಾಲನ್ನು ಅಲ್ಲಗಳೆಯಲಾಗದು. ಎಲಿಯಾಸನ ಯಂತ್ರದಲ್ಲಿ ಬಟ್ಟೆ ನೇರವಾಗಿ ತೂಗುತ್ತಿತ್ತು, ಬಾಗಿದ ಸೂಜಿ ಅಡ್ಡಲಾಗಿ ಚಲಿಸುತ್ತಿತ್ತು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಸೂಜಿಯನ್ನು ಮೇಲಿನಿಂದ ಇಳಿಸಿದ ಅನುಕೂಲ ಸಿಂಗರನ ಯಂತ್ರದ್ದು. ಆದರೂ ಎಲಿಯಾಸನು ನ್ಯಾಯಾಲಯದ ಮೊರೆಹೊಕ್ಕನು. ಪ್ರತಿವಾದಿಗಳು ವಾಲ್ಟರ್ ಹಂಟ್ ಎಂಬಾತನನ್ನು ಮುಂದಿಟ್ಟರು. ಮೊನೆಯಲ್ಲಿ ಕಣ್ಣುಳ್ಳ ಸೂಜಿಯನ್ನೂ ಲಾಳಿಯನ್ನೂ ಹಂಟನು 1830ರ ದಶಕದಲ್ಲೇ ಜೋಡಿಸಿದ್ದನು. ಹೊಲಿದು ಬದುಕುವ ಹೆಂಗಸರ ಅನ್ನಕ್ಕೆ ಕುತ್ತಾದೀತೆಂದು ಮಗಳು ಹೇಳಿದ್ದರಿಂದ ಆತ ಅದನ್ನು ಕೈಬಿಟ್ಟನೆಂದು ಪ್ರತೀತಿ. ಪೇಟೆಂಟು ಪಡೆಯದೆ ಬಿಟ್ಟ ಹಂಟನ ಕಾರ್ಯ ಎಲಿಯಾಸನ ಹಕ್ಕಿಗೆ ಅಡ್ಡಿಯಾಗಲಿಲ್ಲ. 1854ರಲ್ಲಿ ಅವನು ಗೆದ್ದನು.

1856ರಲ್ಲಿ ಮುಖ್ಯ ತಯಾರಕರೆಲ್ಲ ಪೇಟೆಂಟುಗಳನ್ನು ಒಟ್ಟುಗೂಡಿಸಿದರು. ಅಮೆರಿಕದಲ್ಲಿ ಮಾರಿದ ಪ್ರತಿ ಯಂತ್ರಕ್ಕೆ 5 ಡಾಲರ್, ಹೊರದೇಶಕ್ಕೆ ಹೋದುದಕ್ಕೆ 1 ಡಾಲರ್ ಎಲಿಯಾಸನಿಗೆ ಸಲ್ಲತೊಡಗಿತು. ಬಡ ಯಂತ್ರಕಾರ್ಮಿಕ ಕೋಟ್ಯಧೀಶನಾದನು. ಅಂತರ್ಯುದ್ಧ ಬಂದಾಗ ಈ ಶ್ರೀಮಂತನು ಕನೆಕ್ಟಿಕಟ್ಟಿನ 17ನೆಯ ದಳದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ, ಅನಾರೋಗ್ಯದ ಕಾರಣ ದಳದ ಟಪಾಲನ್ನು ಹಂಚುವ ಕೆಲಸ ಮಾಡಿದನು. 1867ರ ಸೆಪ್ಟೆಂಬರಿನಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಅಕ್ಟೋಬರ್ 3ರಂದು ಅವನ ಆಯುಸ್ಸೂ ಮುಗಿಯಿತು. ಆಗ ಅವನಿಗೆ 48 ವರ್ಷ.

ಹಂಟ್, ಎಲಿಯಾಸ್, ಸಿಂಗರ್ ಈ ಮೂವರಲ್ಲಿ ಯಂತ್ರದ ಜನಕನಾರೆಂದು ಕೇಳಿದರೆ ನಾನು ಎಲಿಯಾಸನನ್ನೇ ಹೇಳುತ್ತೇನೆ. ಹಂಟನಿಗೆ ಹೊಳಹು ಮೊದಲು ದೊರೆಯಿತು, ನಿಜ. ಸಿಂಗರನು ಅದನ್ನು ಮನೆಮನೆಗೆ ಮುಟ್ಟಿಸಿದ್ದೂ ನಿಜ. ಆದರೆ ಹೊಳಹಿಗಾಗಿ ಸಂಸಾರವನ್ನೇ ಪಣವಾಗಿಟ್ಟು, ಸೋತಮೇಲೂ ಕೈಬಿಡದೆ ನಿಂತವನು ಇವನೊಬ್ಬ. ನ್ಯಾಯ ಅವನಿಗೆ ದೊರೆಯಿತು, ಐಶ್ವರ್ಯವೂ ದೊರೆಯಿತು. ಸೂಜಿ ಹಿಡಿದು ಅವನ ಕಷ್ಟದ ದಿನಗಳನ್ನು ದಾಟಿಸಿದ ಎಲಿಜಬೆತಳಿಗೆ ಮಾತ್ರ ಎರಡರಲ್ಲೂ ಪಾಲು ಬರಲಿಲ್ಲ. ಅವಳ ನಂತರದ ಅಸಂಖ್ಯ ಹೆಣ್ಣುಮಕ್ಕಳ ದುಡಿಮೆಯನ್ನು ಹಗುರಗೊಳಿಸಿದ ಯಂತ್ರದ ಕಥೆಯಲ್ಲಿ ಅವಳ ಹೆಸರನ್ನೂ ಸೇರಿಸಿ ಹೇಳುವುದು ನಮ್ಮ ಋಣ.