ತೆರೆಯೇರಿದ ಡ್ಯೂಕ್ ಕಹಾನಮೊಕು

ತೆರೆಯೆಂದರೆ ದೋಣಿ ಮಗುಚುವ ಭಯವೆಂದೇ ಕಡಲತಡಿಯ ನಾವು ತಿಳಿದವರು. ಪೆಸಿಫಿಕ್ ಸಾಗರದ ಹವಾಯಿ ದ್ವೀಪದವರಾದರೋ ಹಲಗೆಯ ಮೇಲೆ ನೆಟ್ಟಗೆ ನಿಂತು, ಅದೇ ತೆರೆಯನ್ನೇರಿ ದಡ ಸೇರುತ್ತಿದ್ದರು. 19ನೆಯ ಶತಮಾನದಲ್ಲಿ ಪರಕೀಯರ ಪ್ರಭಾವದಿಂದ ಕ್ಷೀಣಿಸಿದ್ದ ಆ ಆಟವನ್ನು ಲೋಕಕ್ಕೆ ಮುಟ್ಟಿಸಿದವರಲ್ಲಿ ಅಗ್ರಗಣ್ಯರು ಡ್ಯೂಕ್ ಕಹಾನಮೊಕು.

1890ರ ಆಗಸ್ಟ್ 24ರಂದು ಹೊನೊಲುಲುವಿನಲ್ಲಿ ಹುಟ್ಟಿದ ಇವರಿಗೆ ‘ಡ್ಯೂಕ್’ ಎಂಬುದು ಬಿರುದಲ್ಲ, ತಂದೆಯಿಂದ ಬಂದ ಹೆಸರು. ವೈಕಿಕಿಯ ಕಡಲೇ ಇವರ ಪಾಠಶಾಲೆ. 1912ರಿಂದ 1924ರವರೆಗಿನ ಒಲಿಂಪಿಕ್ಸ್ ಈಜಿನಲ್ಲಿ 3 ಚಿನ್ನ, 2 ಬೆಳ್ಳಿ ಗಳಿಸಿದರು. ಕೀರ್ತಿ ಕರೆದೊಯ್ದಲ್ಲಿ ಹಲಗೆಯಾಟವನ್ನೂ ತೋರಿಸಿದರು. 1914ರ ಕೊನೆಯಲ್ಲಿ ಸಿಡ್ನಿಗೆ ಹೋದಾಗ ಅಲ್ಲೇ ಪೈನ್ ಮರ ಪಡೆದು, ಹಲಗೆ ಕೆತ್ತಿ, ಫ್ರೆಶ್‌ವಾಟರ್ ದಂಡೆಯಲ್ಲಿ ತೆರೆಯೇರಿದರು.

ನಮಗೆ ಪದಕಗಳಿಗಿಂತ ಹಿರಿದಾಗಿ ಕಾಣುವುದು ಇನ್ನೊಂದು. 1925ರ ಜೂನ್ 14ರಂದು ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಬಳಿ ‘ಥೆಲ್ಮಾ’ ಎಂಬ ದೋಣಿ ತೆರೆಗಳಿಗೆ ಸಿಕ್ಕಿ ಮಗುಚಿತು. ಡ್ಯೂಕ್ ಹಲಗೆಯೊಡನೆ ಮತ್ತೆ ಮತ್ತೆ ಕಡಲಿಗಿಳಿದು 8 ಮಂದಿಯ ಪ್ರಾಣ ಉಳಿಸಿದರು. ಆಟದ ಹಲಗೆಯೇ ಅಂದು ಆಪದ್ಬಾಂಧವ!

ಇಷ್ಟಿದ್ದೂ ಹೊಟ್ಟೆಪಾಡಿಗೆ ಪೆಟ್ರೋಲ್ ಬಂಕಿನಲ್ಲಿ ದುಡಿದರು. ಮುಂದೆ ಹೊನೊಲುಲುವಿನ ಶೆರೀಫರಾದರು. 1968ರ ಜನವರಿ 22ರಂದು ತೀರಿಕೊಂಡಾಗ ಚಿತಾಭಸ್ಮ ವೈಕಿಕಿಯ ಕಡಲನ್ನೇ ಸೇರಿತು. ಸಣ್ಣ ಜನಾಂಗವೊಂದು ತನ್ನದನ್ನು ಬಿಡದೆ ಉಳಿಸಿಕೊಂಡರೆ ಲೋಕವೇ ಅದನ್ನು ಕಲಿಯಬಂದೀತು ಎಂಬುದಕ್ಕೆ ಅವರ ಬಾಳೇ ಸಾಕ್ಷಿ.