ರಾಂಡಾಲ್ಫ್ ಕಾಲ್ಡೆಕಾಟ್: ಮಕ್ಕಳಿಗಾಗಿ ದುಡಿದ ಚಿತ್ರಗಾರ

ಪುಸ್ತಕವನ್ನು ಕೈಗೆತ್ತಿಕೊಂಡ ಮಗು ಮೊದಲು ನೋಡುವುದು ಅಕ್ಷರವನ್ನಲ್ಲ, ಚಿತ್ರವನ್ನು. ಆದರೂ ಪದ್ಯ ಬರೆದವರ ಹೆಸರು ನಮಗೆ ನೆನಪಿರುತ್ತದೆ; ಚಿತ್ರ ಬರೆದವರ ಹೆಸರು ಮರೆತುಹೋಗುತ್ತದೆ. ಪಂಜೆ ಮಂಗೇಶರಾಯರನ್ನೂ ಜಿ. ಪಿ. ರಾಜರತ್ನಂ ಅವರನ್ನೂ ಅರಿಯದ ಕನ್ನಡಿಗರು ವಿರಳ. ಆದರೆ ಒಂದು ಕಾಲದಲ್ಲಿ ‘ಚಂದಮಾಮ’ದ ಮುಖಪುಟಗಳನ್ನು ಕಣ್ಣರಳಿಸಿ ನೋಡಿದವರ ಪೈಕಿ, ಅವುಗಳಲ್ಲಿ ಹಲವನ್ನು ರಚಿಸಿದ ಎಂ. ಟಿ. ವಿ. ಆಚಾರ್ಯರ ಹೆಸರನ್ನು ಬಲ್ಲವರು ಎಷ್ಟು ಮಂದಿ? ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದನ್ನೇ ವೃತ್ತಿಯನ್ನಾಗಿ ಮಾಡಿಕೊಂಡು, ಆ ವೃತ್ತಿಗೆ ಒಂದು ಗೌರವವನ್ನೂ ನ್ಯಾಯವಾದ ಪ್ರತಿಫಲವನ್ನೂ ಗಳಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ರಾಂಡಾಲ್ಫ್ ಕಾಲ್ಡೆಕಾಟನು ಅಗ್ರಗಣ್ಯನು. ಆತನ ಬಾಳು ನಾಲ್ವತ್ತು ವರ್ಷಗಳನ್ನೂ ತುಂಬಲಿಲ್ಲ.

ಕಾಲ್ಡೆಕಾಟನು ೧೮೪೬ನೆಯ ಇಸವಿ ಮಾರ್ಚ್ ೨೨ರಂದು ಚೆಸ್ಟರ್ ನಗರದಲ್ಲಿ ಹುಟ್ಟಿದನು. ತಂದೆ ವ್ಯಾಪಾರವನ್ನೂ ಲೆಕ್ಕಪತ್ರದ ಕೆಲಸವನ್ನೂ ಮಾಡಿಕೊಂಡಿದ್ದ ಗೃಹಸ್ಥ. ಮಗುವಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಎಳೆತನದಲ್ಲಿ ಬಂದ ಜ್ವರವೊಂದು ಹುಡುಗನ ಹೃದಯವನ್ನು ದುರ್ಬಲಗೊಳಿಸಿತು. ಆ ವಯಸ್ಸಿನಿಂದಲೇ ಆತನು ಕಂಡ ಪ್ರಾಣಿಗಳನ್ನೆಲ್ಲ ಕಾಗದದ ಮೇಲೆ ಬರೆಯುತ್ತಿದ್ದನು, ಮರದಲ್ಲಿ ಕೆತ್ತುತ್ತಿದ್ದನು, ಮಣ್ಣಿನಲ್ಲಿ ಮಾಡುತ್ತಿದ್ದನು. ಆದರೆ ಮಗ ಚಿತ್ರಗಾರನಾಗುವುದು ತಂದೆಗೆ ಹಿಡಿಸಲಿಲ್ಲ. ಹದಿನೈದನೆಯ ವಯಸ್ಸಿಗೆ ಶಾಲೆ ಬಿಡಿಸಿ, ೧೮೬೧ರಲ್ಲಿ ವಿಚ್‌ಚರ್ಚ್ ಎಂಬ ಊರಿನ ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿಸಿದರು.

ವಿಚ್‌ಚರ್ಚ್ ಒಂದು ಸಂತೆಯ ಪೇಟೆ. ತಿಪಟೂರಿನ ಸುತ್ತಣ ಸೀಮೆಗೆ ಕೊಬ್ಬರಿ ಹೇಗೋ, ಆ ಸೀಮೆಗೆ ಹೈನು ಹಾಗೆ. ಕಾಲ್ಡೆಕಾಟನು ಪೇಟೆಯ ಹೊರಗಿನ ಹಳ್ಳಿಯೊಂದರಲ್ಲಿ ರೈತರ ಮನೆಯಲ್ಲಿ ವಾಸಮಾಡಿದನು. ಬಿಡುವು ಸಿಕ್ಕಾಗ ಸಂತೆಗೆ, ದನದ ಜಾತ್ರೆಗೆ, ಬೇಟೆಗೆ, ಮೀನು ಹಿಡಿಯುವುದಕ್ಕೆ ಹೋಗುತ್ತಿದ್ದನು. ಹಸು ಹೇಗೆ ತಲೆ ತಿರುಗಿಸುತ್ತದೆ, ಹಂದಿಯನ್ನು ಹೊಡೆದುಕೊಂಡು ಹೋಗುವವನು ಹೇಗೆ ಕೋಲು ಹಿಡಿಯುತ್ತಾನೆ, ಬೇಲಿ ಹಾರುವ ಕುದುರೆಯ ಮೇಲೆ ಸವಾರ ಹೇಗೆ ಬಾಗುತ್ತಾನೆ ಎಂಬುದೆಲ್ಲ ಅಲ್ಲಿ ಆತನ ಕಣ್ಣಿಗೆ ನಾಟಿತು. ಬ್ಯಾಂಕಿನ ಕಾಗದಗಳ ಬೆನ್ನ ಮೇಲೂ ನಾಯಿ ಕುದುರೆಗಳು ಮೂಡತೊಡಗಿದುವು. ಅದೇ ೧೮೬೧ರ ಕೊನೆಯಲ್ಲಿ ಚೆಸ್ಟರಿನ ಹೋಟೆಲೊಂದಕ್ಕೆ ಬೆಂಕಿ ಬಿದ್ದಾಗ ಆತನು ಬರೆದ ಚಿತ್ರ ಲಂಡನ್ನಿನ ಸಚಿತ್ರ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಆತನ ಮೊದಲ ಪ್ರಕಟಿತ ಚಿತ್ರ.

೧೮೬೭ರಲ್ಲಿ ಮ್ಯಾಂಚೆಸ್ಟರಿನ ದೊಡ್ಡ ಬ್ಯಾಂಕಿಗೆ ಹೋದನು. ಹಗಲು ಲೆಕ್ಕ ಬರೆದು, ಸಂಜೆ ಅಲ್ಲಿನ ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದನು. ಸ್ಥಳೀಯ ಪತ್ರಿಕೆಗಳು ಆತನ ಚಿತ್ರಗಳನ್ನು ತೆಗೆದುಕೊಳ್ಳತೊಡಗಿದುವು. ಲಂಡನ್ನಿನ ಚಿತ್ರಗಾರ ಥಾಮಸ್ ಆರ್ಮ್‌ಸ್ಟ್ರಾಂಗನ ಪರಿಚಯದಿಂದ ಸಂಪಾದಕ ಹೆನ್ರಿ ಬ್ಲಾಕ್‌ಬರ್ನನ ಸ್ನೇಹ ದೊರೆಯಿತು. ತನ್ನ ಚಿತ್ರಗಳಿಗೆ ಬೇಡಿಕೆಯಿದೆ ಎಂಬುದು ಖಚಿತವಾದ ಮೇಲೆ, ೧೮೭೨ರಲ್ಲಿ, ೨೬ನೆಯ ವಯಸ್ಸಿನಲ್ಲಿ, ಬ್ಯಾಂಕಿನ ಕೆಲಸವನ್ನು ಬಿಟ್ಟು ಲಂಡನ್ನಿಗೆ ಬಂದನು.

ಹನ್ನೊಂದು ವರ್ಷಗಳ ಗುಮಾಸ್ತಗಿರಿ ವ್ಯರ್ಥವಾಯಿತೆಂದು ಹೇಳುವಂತಿಲ್ಲ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆಯೊಡನೆಯೇ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಮುಟ್ಟದೆ ಬಿಡುತ್ತಾರೆ. ಹೊರಗಿನಿಂದ ನೋಡುವವನಿಗೆ ಏನೂ ನಡೆಯುತ್ತಿರುವಂತೆ ಕಾಣುವುದಿಲ್ಲ. ಒಳಗೆ ಮಾತ್ರ ನೀರು ಇಂಗಿ, ತಿರುಳು ಬಿಗಿದು ಉಂಡೆ ಕೊಬ್ಬರಿಯಾಗುತ್ತಿರುತ್ತದೆ. ಕಾಲ್ಡೆಕಾಟನು ಮುಂದೆ ಬರೆದ ಹಳ್ಳಿಗರೂ ದನಕರುಗಳೂ ಆ ಹನ್ನೊಂದು ವರ್ಷಗಳಲ್ಲಿ ಆತನೊಳಗೆ ಬಲಿತವು.

ಲಂಡನ್ನಿನಲ್ಲಿ ಆತನಿಗೆ ಯಜಮಾನನೂ ಇರಲಿಲ್ಲ, ತಿಂಗಳ ಸಂಬಳವೂ ಇರಲಿಲ್ಲ. ಪತ್ರಿಕೆಗಳಿಂದ ಬಂದ ಕೆಲಸವನ್ನು ಗಡುವಿನೊಳಗೆ ಮುಗಿಸಿಕೊಟ್ಟರೆ ಹಣ, ಇಲ್ಲವಾದರೆ ಇಲ್ಲ. ‘ಗ್ರಾಫಿಕ್’ ಪತ್ರಿಕೆಗೂ ‘ಪಂಚ್’ ಪತ್ರಿಕೆಗೂ ಚಿತ್ರ ಬರೆದನು. ಪ್ರವಾಸ ಗ್ರಂಥಗಳಿಗೆ ರೇಖಾಚಿತ್ರಗಳನ್ನು ಒದಗಿಸಿದನು. ಇದರ ನಡುವೆ ಕಲಿಕೆಯನ್ನೂ ನಿಲ್ಲಿಸಲಿಲ್ಲ. ಫ್ರಾನ್ಸಿನಿಂದ ಬಂದಿದ್ದ ಶಿಲ್ಪಿ ಡಾಲೂ ಎಂಬಾತನಿಗೆ ಇಂಗ್ಲಿಷ್ ಹೇಳಿಕೊಟ್ಟು, ಅದಕ್ಕೆ ಬದಲಾಗಿ ಮಣ್ಣಿನಲ್ಲಿ ರೂಪ ಮಾಡುವುದನ್ನು ಕಲಿತನು. ಹಕ್ಕಿಗಳ ಅಸ್ಥಿಪಂಜರಗಳನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡಿದನು. ವಾಷಿಂಗ್ಟನ್ ಅರ್ವಿಂಗನ ಬರಹಕ್ಕೆ ಚಿತ್ರ ಬರೆದ ‘ಓಲ್ಡ್ ಕ್ರಿಸ್‌ಮಸ್’ ೧೮೭೫ರಲ್ಲಿ ಹೊರಬಂದಾಗ ಆತನ ಹೆಸರು ಮನೆಮಾತಾಯಿತು.

ಆಗ ಎಡ್ಮಂಡ್ ಇವಾನ್ಸ್ ಎಂಬ ಮುದ್ರಕನು ಆತನನ್ನು ಹುಡುಕಿಕೊಂಡು ಬಂದನು. ಬಣ್ಣದ ಮುದ್ರಣದಲ್ಲಿ ಇವಾನ್ಸ್ ಆ ಕಾಲದ ದೊಡ್ಡ ಕುಶಲಿ. ಮಕ್ಕಳಿಗಾಗಿ ಒಂದೊಂದು ಷಿಲಿಂಗಿನ ಚಿತ್ರಪುಸ್ತಕಗಳನ್ನು ತರಬೇಕೆಂಬುದು ಆತನ ಹಂಬಲ. ಇಬ್ಬರ ನಡುವೆ ಆದ ಕರಾರು ಗಮನಾರ್ಹವಾದುದು. ಅದುವರೆಗೆ ಚಿತ್ರಗಾರರಿಗೆ ಒಂದು ಮೊತ್ತ ಕೊಟ್ಟು ಕೈತೊಳೆದುಕೊಳ್ಳುವುದು ಸಾಮಾನ್ಯವಾಗಿತ್ತು. ಪುಸ್ತಕ ಎಷ್ಟೇ ಮಾರಾಟವಾದರೂ ಅವರಿಗೆ ಮತ್ತೆ ಕಾಸಿಲ್ಲ. ಕಾಲ್ಡೆಕಾಟನು ಮುಂಗಡದ ಮೊತ್ತವನ್ನು ಬಿಟ್ಟು, ಮಾರಾಟವಾದ ಪ್ರತಿಯೊಂದು ಪುಸ್ತಕದ ಮೇಲೆ ಸಣ್ಣ ಪಾಲನ್ನು ಒಪ್ಪಿಕೊಂಡನು. ಪುಸ್ತಕ ಮಾರದಿದ್ದರೆ ಆತನಿಗೂ ಏನೂ ಇಲ್ಲ. ನಮ್ಮ ತೋಟದವರು ಮರದ ಮೇಲಿನ ಫಸಲನ್ನೇ ಗುತ್ತಿಗೆ ಕೊಟ್ಟುಬಿಡುವುದೂ ಉಂಟು. ಕಾಯಿ ಇಳಿಸಿ, ಕೊಬ್ಬರಿ ಮಾಡಿ, ಪೇಟೆಯ ಧಾರಣೆಗೆ ಮಾರುವುದೂ ಉಂಟು. ಮೊದಲನೆಯದರಲ್ಲಿ ನಿಶ್ಚಿಂತೆ; ಎರಡನೆಯದರಲ್ಲಿ ನಷ್ಟದ ಭಯದ ಜೊತೆಗೆ ಲಾಭದ ಪಾಲು. ಲೆಕ್ಕ ಬಲ್ಲ ಮಾಜಿ ಗುಮಾಸ್ತೆ ಎರಡನೆಯದನ್ನು ಆರಿಸಿಕೊಂಡನು.

೧೮೭೮ರ ಕ್ರಿಸ್‌ಮಸ್ ವೇಳೆಗೆ ಮೊದಲ ಎರಡು ಪುಸ್ತಕಗಳು ಹೊರಬಂದವು: ‘ಜ್ಯಾಕ್ ಕಟ್ಟಿದ ಮನೆ’ ಮತ್ತು ‘ಜಾನ್ ಗಿಲ್ಪಿನ್’. ಮೊದಲನೆಯದು ನಮ್ಮ ಅಜ್ಜಿಯರು ಹೇಳುವ ಸರಪಣಿ ಕಥೆಗಳ ಜಾತಿಯದು. ಎರಡನೆಯದು, ಹತೋಟಿ ತಪ್ಪಿದ ಕುದುರೆಯ ಮೇಲೆ ಕುಳಿತ ಬಡಪಾಯಿ ವರ್ತಕನ ಫಜೀತಿಯನ್ನು ಹೇಳುವ, ಕೂಪರ್ ಕವಿಯ ಪದ್ಯ. ಜನ ಮುಗಿಬಿದ್ದು ಕೊಂಡರು. ಅಂದಿನಿಂದ ೧೮೮೫ರವರೆಗೆ ವರ್ಷಕ್ಕೆ ಎರಡರಂತೆ, ಎಂಟು ವರ್ಷಗಳಲ್ಲಿ ೧೬ ಪುಸ್ತಕಗಳು ಬಂದವು.

ಆ ಪುಸ್ತಕಗಳ ಹಿಂದಿನ ಶ್ರಮವನ್ನು ಇಂದಿನವರು ಊಹಿಸುವುದು ಕಷ್ಟ. ಕಾಲ್ಡೆಕಾಟನು ಲೇಖನಿಯಿಂದ ಬರೆದ ರೇಖಾಚಿತ್ರವನ್ನು ಛಾಯಾಚಿತ್ರದ ಮೂಲಕ ಮರದ ಅಚ್ಚಿನ ಮೇಲೆ ಇಳಿಸುತ್ತಿದ್ದರು. ಕೆತ್ತನೆಗಾರರು ರೇಖೆಯನ್ನು ಉಳಿಸಿ ಮಿಕ್ಕುದನ್ನು ಕೊರೆಯುತ್ತಿದ್ದರು. ಅದರಿಂದ ತೆಗೆದ ಮೊದಲ ಪ್ರತಿಗೆ ಕಾಲ್ಡೆಕಾಟನು ಕೈಯಿಂದ ಬಣ್ಣ ಹಾಕಿ ಕೊಡುವನು. ಆಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಕೆತ್ತಿ, ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದಂತೆ ಒತ್ತಬೇಕು. ರೇಖೆ ಹೆಚ್ಚಿದಷ್ಟೂ ಕೆತ್ತನೆ ಕಷ್ಟ. ಕಾಲ್ಡೆಕಾಟನಾದರೋ ಬೇಡದ ರೇಖೆಯನ್ನು ಬಿಡುವುದರಲ್ಲಿಯೇ ತನ್ನ ಕಲೆಯಿದೆಯೆಂದು ನಂಬಿದ್ದನು.

ಆತನ ಹೆಚ್ಚುಗಾರಿಕೆ ಇನ್ನೊಂದಿದೆ. ಪದ್ಯ ಹೇಳಿದುದನ್ನೇ ಆತನ ಚಿತ್ರ ಮತ್ತೆ ಹೇಳುವುದಿಲ್ಲ. ಹೇಳದೆ ಬಿಟ್ಟುದನ್ನು ಹೇಳುತ್ತದೆ. ತಟ್ಟೆ ಚಮಚದೊಡನೆ ಓಡಿಹೋಯಿತೆಂದು ಒಂದು ಶಿಶುಗೀತೆ ಮುಗಿಯುತ್ತದೆ. ಕಾಲ್ಡೆಕಾಟನು ಪುಟ ತಿರುಗಿಸಿ, ಮಾತಿಲ್ಲದ ಇನ್ನೊಂದು ಚಿತ್ರ ಸೇರಿಸಿದನು: ತಟ್ಟೆ ಒಡೆದು ಬಿದ್ದಿದೆ, ಚಮಚವನ್ನು ಅದರ ಹೆತ್ತವರಾದ ಚಾಕು ಮತ್ತು ಮುಳ್ಳುಚಮಚಗಳು ಕರೆದೊಯ್ಯುತ್ತಿವೆ. ಇನ್ನೊಂದು ಪದ್ಯದಲ್ಲಿ ತಂದೆ ಮಗುವಿಗಾಗಿ ಮೊಲದ ಚರ್ಮ ತರುತ್ತಾನೆ. ಆ ಚರ್ಮವನ್ನು ತೊಟ್ಟು ತಾಯಿಯೊಡನೆ ತಿರುಗಾಡಲು ಹೊರಟ ಮಗು ಗುಡ್ಡದ ಮೇಲಿನ ಜೀವಂತ ಮೊಲಗಳನ್ನು ಬೆರಗಿನಿಂದ ನೋಡುವುದನ್ನು ಕಾಲ್ಡೆಕಾಟನು ಬರೆದಿದ್ದಾನೆ. ಮಗುವಿನ ಮನಸ್ಸಿನಲ್ಲಿ ಏನು ಹೊಳೆಯಿತೋ ನೋಡುವವರೇ ಊಹಿಸಬೇಕು. ನಗುವಿನ ನಡುವೆ ಹೀಗೆ ಮರುಕದ ಎಳೆಯನ್ನು ತಂದು, ಮಕ್ಕಳನ್ನು ಬುದ್ಧಿವಂತರೆಂದು ಆತನು ಗೌರವಿಸಿದನು.

೧೮೮೦ರಲ್ಲಿ ಮೇರಿಯನ್ ಬ್ರಿಂಡ್ ಎಂಬಾಕೆಯನ್ನು ಮದುವೆಯಾಗಿ ಕೆಂಟ್ ಸೀಮೆಯ ಹಳ್ಳಿಯಲ್ಲಿ ನೆಲಸಿದನು. ಮಕ್ಕಳಾಗಲಿಲ್ಲ. ದೇಹಸ್ಥಿತಿ ವರ್ಷವರ್ಷಕ್ಕೂ ಕುಗ್ಗುತ್ತಿತ್ತು. ಚಳಿಗಾಲವನ್ನು ಬೆಚ್ಚನೆಯ ದೇಶಗಳಲ್ಲಿ ಕಳೆಯುವುದು ಅನಿವಾರ್ಯವಾಯಿತು. ದಿನ ದುಡಿದು ದಿನ ಉಣ್ಣುವ ವೃತ್ತಿಯಲ್ಲಿ ಕಾಯಿಲೆಗೆ ರಜೆಯಿಲ್ಲ. ಹೋದಲ್ಲೆಲ್ಲ ಚಿತ್ರ ಬರೆಯುತ್ತಲೇ ಇದ್ದನು. ೧೮೮೫ರ ಕೊನೆಯಲ್ಲಿ ‘ಗ್ರಾಫಿಕ್’ ಪತ್ರಿಕೆಗೆ ಅಮೆರಿಕದ ಜೀವನವನ್ನು ಚಿತ್ರಿಸಿಕೊಡಲು ಒಪ್ಪಿ ಹೆಂಡತಿಯೊಡನೆ ಹಡಗು ಹತ್ತಿದನು. ಬಿಸಿಲನ್ನು ಅರಸಿ ಫ್ಲಾರಿಡಾಕ್ಕೆ ಇಳಿದರೆ, ಆ ವರ್ಷ ಅಲ್ಲಿಯೂ ಎಂದಿಲ್ಲದ ಚಳಿ. ೧೮೮೬ರ ಫೆಬ್ರವರಿ ೧೨ರಂದು ಸೇಂಟ್ ಅಗಸ್ಟೀನ್ ಎಂಬ ಊರಿನಲ್ಲಿ ತೀರಿಕೊಂಡನು. ಅಲ್ಲಿಯೇ ಆತನ ಸಮಾಧಿಯಿದೆ.

ಅಮೆರಿಕದ ಗ್ರಂಥಾಲಯ ಸಂಘವು ೧೯೩೮ರಿಂದ ಪ್ರತಿವರ್ಷ ಅತ್ಯುತ್ತಮ ಚಿತ್ರಪುಸ್ತಕದ ಕಲಾವಿದನಿಗೆ ಕಾಲ್ಡೆಕಾಟನ ಹೆಸರಿನ ಪದಕವನ್ನು ಕೊಡುತ್ತ ಬಂದಿದೆ. ಪದಕದ ಮೇಲೆ ಜಾನ್ ಗಿಲ್ಪಿನ್ನನ ಕುದುರೆ ಇಂದಿಗೂ ಓಡುತ್ತಿದೆ.

ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಈ ಜೀವನದಲ್ಲಿ ವಿಚಾರಮಾಡತಕ್ಕ ಸಂಗತಿಗಳಿವೆ. ತೋಟದ ಆದಾಯದಲ್ಲಿ ಹೊಟ್ಟೆಬಟ್ಟೆ ಕಟ್ಟಿ ಓದಿಸಿದ ತಂದೆತಾಯಿಗಳು ಮಕ್ಕಳಿಗೆ ಸಂಬಳದ ಕೆಲಸ ಸಿಗಲೆಂದು ಬಯಸುವುದು ಸಹಜ. ಅದನ್ನು ಹಗುರವಾಗಿ ಕಾಣುವುದು ಕೃತಘ್ನತೆ. ಕಾಲ್ಡೆಕಾಟನೂ ಸಂಬಳವನ್ನು ಹಗುರವಾಗಿ ಕಾಣಲಿಲ್ಲ. ಅದನ್ನು ಉಣ್ಣುತ್ತಲೇ ಕೈಯನ್ನು ಪಳಗಿಸಿದನು. ಕೈ ಅನ್ನ ಕೊಡುವಂತಾದ ಮೇಲೆ ಕುರ್ಚಿಯನ್ನು ಬಿಟ್ಟನು. ಬಿಟ್ಟ ಮೇಲೆ ತನ್ನ ದುಡಿಮೆಯ ಪಾಲನ್ನು ಕೇಳಿ ಪಡೆದನು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹಳ್ಳಿಶಾಲೆಗಳಲ್ಲಿ ನೋಟ್‌ಪುಸ್ತಕದ ಅಂಚಿನಲ್ಲಿ ಎತ್ತನ್ನೂ ತೆಂಗನ್ನೂ ಬರೆಯುವ ಮಕ್ಕಳು ಇಂದಿಗೂ ಇದ್ದಾರೆ. ಅವರನ್ನು ಗದರಿಸುವ ಮೊದಲು ಗುರುಗಳೂ ಹಿರಿಯರೂ ಆ ಚಿತ್ರವನ್ನು ಒಮ್ಮೆ ನೋಡಿದರೆ ಸಾಕು.